ಎಪ್ಪತ್ತೊಂದರಲ್ಲಿ ಎಂ.ಎ.

ಪರೀಕ್ಷಾ ಕೇಂದ್ರದ ಗೇಟಿನಲ್ಲಿದ್ದ ಕಾವಲುಗಾರ ನನ್ನನ್ನು ತಡೆದು, "ಪೇರೆಂಟ್ಸೆಲ್ಲ ಆ ಹೊಂಗೆ ಮರದ ಕೆಳಗೆ ಕೂತ್ಕೊಳ್ಳಿ ಯಜಮಾನ್ರೇ" ಎಂದ. ಜೇಬಿನಿಂದ ಹಾಲ್ ಟಿಕೆಟ್ ತೆಗೆದು ತೋರಿಸಿದೆ. ಫೋಟೊ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋಟೊ ನೋಡಿದ. "ನೀವೇ ಬರೀತೀರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಇಸಿದುಕೊಂಡು ಮೆಟ್ಟಿಲಿನವರೆಗೆ ಬಂದ. ಅದು 2022ರ ಡಿಸೆಂಬರ್. ಅದಕ್ಕೆ ಹಿಂದೆ ನಾನು ಪರೀಕ್ಷೆ ಬರೆದದ್ದು 1971ರಲ್ಲಿ, ಬಿ.ಕಾಂ. ಕೊನೆಯ ವರ್ಷದ್ದು. ನಡುವೆ ಐವತ್ತೊಂದು ವರ್ಷ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. 1973ರಿಂದ 2010ರವರೆಗೆ ಮೂವತ್ತೇಳು ವರ್ಷ ಲೆಡ್ಜರು, ಟೋಕನ್ನು, ಕ್ಯಾಶು. ಸಂಜೆ ಲೆಕ್ಕ ಟ್ಯಾಲಿ ಆದರೆ ನಿದ್ದೆ, ಆಗದಿದ್ದರೆ ಇಲ್ಲ. ಇಂಥವನು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಲು, ಅದರಲ್ಲೂ ಆಪ್ತ ಸಮಾಲೋಚನೆಯನ್ನು ಆರಿಸಿಕೊಳ್ಳಲು ಕಾರಣನಾದವನು ನನ್ನ ಮೊಮ್ಮಗ. ಮನೆಯಲ್ಲಿ ಕರೆಯುವಂತೆ ಇಲ್ಲಿಯೂ ಪುಟ್ಟ ಎಂದೇ ಕರೆಯುತ್ತೇನೆ. ಈಗ ಅವನು ನನಗಿಂತ ಅರ್ಧ ಅಡಿ ಎತ್ತರ, ಡಿಗ್ರಿ ಓದುತ್ತಿದ್ದಾನೆ. ಈ ಲೇಖನವನ್ನು ಮೊದಲು ಅವನಿಗೇ ಕೊಟ್ಟೆ. ಎರಡು ವಾಕ್ಯ ಹೊಡೆದು ಹಾಕಿದ. ಉಳಿದದ್ದಕ್ಕೆ ಒಪ್ಪಿದ.

ಕೊರೊನಾ ಮುಗಿದು 2021ರಲ್ಲಿ ಶಾಲೆ ಮತ್ತೆ ತೆರೆದಾಗ ಪುಟ್ಟ ಒಂಬತ್ತನೆಯ ತರಗತಿ. ಮಗಳು ಅಳಿಯ ಮಹಡಿ ಮನೆಯಲ್ಲಿ, ನಾನು ನನ್ನಾಕೆ ಕೆಳಗೆ. ಮೊದಲ ವಾರ ಹೋದ. ಎರಡನೆಯ ವಾರದಿಂದ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಹೊಟ್ಟೆನೋವು. ಹತ್ತು ಗಂಟೆಗೆ ವಾಸಿ. ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಆಗ ನಾನು ಎಲ್ಲ ತಾತಂದಿರೂ ಮಾಡುವುದನ್ನೇ ಮಾಡಿದೆ. ಅವನನ್ನು ಎದುರಿಗೆ ಕೂರಿಸಿಕೊಂಡು, ನಾನು ನಿನ್ನ ವಯಸ್ಸಿನಲ್ಲಿ ನಾಲ್ಕು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆ, ಚಪ್ಪಲಿಯೂ ಇರಲಿಲ್ಲ ಎಂದು ಶುರು ಮಾಡಿದೆ. ನಾಲ್ಕು ಮೈಲಿ ಎಂಬುದು ನಿಜಕ್ಕೂ ಎರಡೂವರೆ ಎಂದು ನನ್ನಾಕೆ ಒಳಗಿನಿಂದ ತಿದ್ದಿದಳು. ಪುಟ್ಟ ಎಲ್ಲ ಕೇಳಿಸಿಕೊಂಡು ಎದ್ದು ಹೋದ. ಅಂದಿನಿಂದ ಕೆಳಗೆ ಬರುವುದನ್ನೇ ಬಿಟ್ಟ.

ಕೊನೆಗೆ ಮಗಳು ಯಾರೋ ಹೇಳಿದರೆಂದು ಒಬ್ಬ ಆಪ್ತ ಸಮಾಲೋಚಕಿಯ ಬಳಿ ಕರೆದುಕೊಂಡು ಹೋದಳು. ಅವಳಿಗೆ ರಜೆ ಸಿಗದ ದಿನ ನಾನು ಹೋದೆ. ಸಮಾಲೋಚಕಿಗೆ ಮೂವತ್ತು ವರ್ಷವೂ ಇರಲಾರದು. "ಸರ್, ನೀವು ಹೊರಗಿರಿ" ಎಂದು ನಗುತ್ತಲೇ ಬಾಗಿಲು ಹಾಕಿಕೊಂಡರು. ಮುಕ್ಕಾಲು ಗಂಟೆ. ಹೊರಗೆ ಬಂದಾಗ ಪುಟ್ಟನ ಕಣ್ಣು ಕೆಂಪಗಿತ್ತು, ಆದರೆ ಭುಜ ಸ್ವಲ್ಪ ಇಳಿದಿತ್ತು. ಅವನು ನೀರು ಕುಡಿಯಲು ಹೋದಾಗ ನಾನು ಮೆಲ್ಲಗೆ, "ಏನಂದ ಮೇಡಂ?" ಎಂದೆ.

"ಅದನ್ನ ನಾನು ಹೇಳೋ ಹಾಗಿಲ್ಲ ಸರ್. ಅವನಿಗೆ ಹೇಳಬೇಕು ಅನ್ನಿಸಿದಾಗ ಅವನೇ ಹೇಳ್ತಾನೆ."

ನನಗೆ ಮೈಯೆಲ್ಲ ಉರಿಯಿತು. ಸ್ವಂತ ತಾತ ನಾನು! ಆಟೋದಲ್ಲಿ ಮನೆಗೆ ಬರುವಾಗ ಒಂದು ಹಳೆಯ ಮುಖ ನೆನಪಾಯಿತು. ಪಿರಿಯಾಪಟ್ಟಣದ ಶಾಖೆಯಲ್ಲಿದ್ದಾಗ, ತಂಬಾಕಿನ ದುಡ್ಡು ಬರುವ ಕಾಲದಲ್ಲಿ, ಒಬ್ಬ ಹಿರಿಯರು ಕೌಂಟರಿಗೆ ಬಂದು ಮಗನ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದರು. ಹೇಳುವಂತಿಲ್ಲ ಎಂದೆ. "ನಾನೇ ಹೆತ್ತ ಮಗ ಕಣ್ರೀ" ಎಂದು ಗದರಿದರು. ಆದರೂ ಹೇಳಲಿಲ್ಲ. ಆಮೇಲೆ ಅವರು ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಗಿರಾಕಿಯ ನಾಲ್ಕು ಕಾಸಿನ ಗುಟ್ಟನ್ನು ನಾನು ಮೂವತ್ತೇಳು ವರ್ಷ ಕಾಪಾಡಿದ್ದೇನೆ. ಈ ಹುಡುಗಿ ಹದಿನಾಲ್ಕು ವರ್ಷದವನ ಮನಸ್ಸಿನ ಗುಟ್ಟನ್ನು ಕಾಪಾಡಿದರೆ ನನಗೇಕೆ ಕೋಪ? ಆಟೋ ಇಳಿಯುವ ಹೊತ್ತಿಗೆ ಕೋಪ ಹೋಗಿ ಕುತೂಹಲ ಹುಟ್ಟಿತ್ತು. ಆ ಮುಚ್ಚಿದ ಬಾಗಿಲಿನ ಹಿಂದೆ ಇವರು ಮಾಡುವುದೇನು?

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಎಂದರೆ ಇಗ್ನೋ, ಯಾವುದೇ ಪದವಿ ಇದ್ದವರನ್ನೂ ಮನಶ್ಶಾಸ್ತ್ರದ ಎಂ.ಎ.ಗೆ ಸೇರಿಸಿಕೊಳ್ಳುತ್ತಿತ್ತು. ವಯಸ್ಸಿನ ಮಿತಿ ಇಲ್ಲ. ಕನಿಷ್ಠ ಎರಡು ವರ್ಷ, ಗರಿಷ್ಠ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಎರಡನೆಯ ವರ್ಷ ಚಿಕಿತ್ಸಾ ಮನಶ್ಶಾಸ್ತ್ರ, ಸಮಾಲೋಚನೆ, ಕೈಗಾರಿಕಾ ಮನಶ್ಶಾಸ್ತ್ರ ಈ ಮೂರರಲ್ಲಿ ಒಂದು. 2022ರ ಜನವರಿ ಸಾಲಿಗೆ ಅರ್ಜಿ ಹಾಕಿದೆ. "ಈ ವಯಸ್ಸಲ್ಲಿ ಯಾರ ತಲೆ ಸರಿ ಮಾಡೋಕೆ?" ಎಂದಳು ನನ್ನಾಕೆ. ಉತ್ತರ ನನ್ನ ಬಳಿ ಇರಲಿಲ್ಲ. ಒಳಗೊಳಗೆ ಇದ್ದ ಉತ್ತರ ಪುಟ್ಟನ ತಲೆ ಎಂದೇ.

ಪುಸ್ತಕಗಳು ಅಂಚೆಯಲ್ಲಿ ಬಂದವು, ಎಲ್ಲ ಇಂಗ್ಲಿಷಿನಲ್ಲಿ. ನಾನು ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದವನು. ಒಂದು ಹಳೆಯ ಡೈರಿಯಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ, ಡೆಬಿಟ್ಟು ಕ್ರೆಡಿಟ್ಟಿನ ಹಾಗೆ ಬರೆದುಕೊಳ್ಳುತ್ತ ಹೋದೆ. 'ಎಂಪತಿ' ಎಂಬ ಪದಕ್ಕೆ ಎದುರು ಅನುಕಂಪ ಎಂದು ಬರೆದು ಹೊಡೆದು ಹಾಕಿದೆ. ಅನುಕಂಪ ಎಂದರೆ ನಮಗೆ ಬ್ಯಾಂಕಿನವರಿಗೆ ತಕ್ಷಣ ಜ್ಞಾಪಕಕ್ಕೆ ಬರುವುದು ಅನುಕಂಪದ ಆಧಾರದ ನೌಕರಿ. ಮೇಲೆ ನಿಂತವರು ಕೆಳಗಿರುವವರಿಗೆ ತೋರಿಸುವುದು ಅದು. ಇದು ಹಾಗಲ್ಲ. ಎದುರಿಗಿರುವವರ ಕಣ್ಣಿನಿಂದ ಅವರ ಕಷ್ಟವನ್ನು ನೋಡಬೇಕು, ನೋಡುವಾಗ ಅದು ನಮ್ಮದಲ್ಲ ಎಂಬ ಎಚ್ಚರವೂ ಇರಬೇಕು. ಬಲಗಡೆ ಎರಡು ಸಾಲು ಬೇಕಾಯಿತು.

ಓದುತ್ತ ಹೋದಂತೆ ನನ್ನ ಊರಿನ ಬಗ್ಗೆಯೇ ನನಗೆ ಗೊತ್ತಿರದ ಸಂಗತಿ ಸಿಕ್ಕಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ದೇಶದಲ್ಲಿ ಕಲ್ಕತ್ತೆಯ ನಂತರ ನಮ್ಮದೇ. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ಮಕ್ಕಳೇ, ಈ ಹೆಸರು ನಿಮ್ಮ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬೇರೆ ಪುಟದಲ್ಲಿದೆ. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದವರು ಇವರೇ, 'ಆಕಾಶವಾಣಿ' ಎಂಬುದು ಆ ಕೇಂದ್ರದ ಹೆಸರು. ಊರಿಗೆಲ್ಲ ಕೇಳಿಸುವಂತೆ ಮಾತಾಡುವ ಯಂತ್ರ ತಂದವರು, ಒಬ್ಬರ ಮಾತನ್ನು ಕೇಳುವ ವಿದ್ಯೆಯನ್ನೂ ತಂದರು.

ಅಜ್ಜಿಯರಿಗೆ ಇನ್ನೊಂದು ಹೆಸರು ಹೇಳಿದರೆ ಸಾಕು, ತ್ರಿವೇಣಿ. 'ಶರಪಂಜರ' ಬರೆದವರು. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಮರಳಿದ ಹೆಂಗಸನ್ನು ಮನೆಯವರ ಅನುಮಾನ, ಪಿಸುಮಾತುಗಳೇ ಮತ್ತೆ ಹೇಗೆ ಕೆಡವುತ್ತವೆ ಎಂಬುದು ಅದರ ಕಥೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಆಗ ಕಲ್ಪನಾ ಅಭಿನಯ ನೋಡಿ ನಾನು ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡಿದ್ದೆ. ಐವತ್ತು ವರ್ಷದ ಮೇಲೆ ಪುಸ್ತಕ ಹಿಡಿದು ಕೂತಾಗ, ಆ ಪಿಸುಮಾತಾಡುವವರ ಗುಂಪಿನಲ್ಲಿ ನನ್ನಂಥವರೂ ಇದ್ದೆವಲ್ಲ ಎನ್ನಿಸಿತು.

ಪಾಠದಲ್ಲಿ ನನಗೆ ಅತಿ ಹತ್ತಿರವಾದವರು ಕಾರ್ಲ್ ರೋಜರ್ಸ್. 1902ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. ಮೊದಲು ಓದಲು ಹೋದದ್ದು ಬೇಸಾಯ ಶಾಸ್ತ್ರ! ಅಲ್ಲಿಂದ ಇತಿಹಾಸ, ಅಲ್ಲಿಂದ ಧರ್ಮಶಾಸ್ತ್ರ, ಕೊನೆಗೆ ಮನಶ್ಶಾಸ್ತ್ರ. ರೋಚೆಸ್ಟರ್ ಎಂಬ ಊರಿನಲ್ಲಿ ಹನ್ನೆರಡು ವರ್ಷ ತೊಂದರೆಗೊಳಗಾದ ಮಕ್ಕಳ ಜೊತೆ ಕೆಲಸ ಮಾಡಿದರು. ಅವರೇ ಬರೆದಿರುವ ಒಂದು ಘಟನೆ ಹೀಗಿದೆ. ತುಂಟ ಹುಡುಗನೊಬ್ಬನ ತಾಯಿ ಅವರ ಬಳಿ ಬರುತ್ತಿದ್ದಳು. ಚಿಕ್ಕಂದಿನಲ್ಲಿ ಮಗನನ್ನು ನೀನು ದೂರ ಮಾಡಿದ್ದೇ ಇದಕ್ಕೆ ಕಾರಣ ಎಂದು ರೋಜರ್ಸ್ ಅವಳಿಗೆ ಎಷ್ಟೋ ಸಲ ನಯವಾಗಿ ಅರ್ಥ ಮಾಡಿಸಲು ನೋಡಿದರು. ಆಗಲಿಲ್ಲ. ಇಬ್ಬರೂ ಸೋತೆವು, ಇಲ್ಲಿಗೆ ನಿಲ್ಲಿಸೋಣ ಎಂದರು. ಅವಳೂ ಒಪ್ಪಿ ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಸಿಗುತ್ತದೆಯೇ ಎಂದು ಕೇಳಿದಳು. ಮತ್ತೆ ಬಂದು ಕೂತು ತನ್ನ ಸಂಸಾರದ ಗೋಳನ್ನು, ಗಂಡನೊಡನೆ ಇದ್ದ ಕಷ್ಟವನ್ನು ತೋಡಿಕೊಂಡಳು. ಈ ಸಲ ರೋಜರ್ಸ್ ಬರೀ ಕೇಳಿದರು. ಕ್ರಮೇಣ ಅವಳ ಸಂಸಾರವೂ ಸುಧಾರಿಸಿತು, ಹುಡುಗನೂ ಸುಧಾರಿಸಿದ. ಎಲ್ಲಿ ನೋಯುತ್ತಿದೆ ಎಂಬುದು ನೋವಿರುವವರಿಗೇ ಗೊತ್ತು, ದಾರಿ ತೋರಿಸಲು ಅವರನ್ನೇ ಬಿಡಬೇಕು ಎಂಬುದು ಅವರು ಅಲ್ಲಿಂದ ಕಲಿತ ಪಾಠ.

ಇದನ್ನು ಓದುವುದು ಸುಲಭ. ಅಧ್ಯಯನ ಕೇಂದ್ರದ ಭಾನುವಾರದ ತರಗತಿಯಲ್ಲಿ ಅಭ್ಯಾಸಕ್ಕೆಂದು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ನನ್ನ ಜೋಡಿ ಇಪ್ಪತ್ನಾಲ್ಕು ವರ್ಷದ ಹುಡುಗಿ. ಅವಳು ಕೆಲಸ ಬಿಡಬೇಕೆಂದಿರುವವಳ ಪಾತ್ರ, ನಾನು ಸಮಾಲೋಚಕ. ಮುಗಿದ ಮೇಲೆ ಮೇಷ್ಟ್ರು ಅವಳ ಅಭಿಪ್ರಾಯ ಕೇಳಿದರು. "ತಾತ ಮೂರು ನಿಮಿಷದಲ್ಲಿ ಒಂಬತ್ತು ಸಲಹೆ ಕೊಟ್ಟರು ಸರ್. ಅದರಲ್ಲಿ ಒಂದು ಆರ್.ಡಿ. ಖಾತೆ ತೆರೆಯೋಕೆ" ಎಂದಳು. ತರಗತಿಯೆಲ್ಲ ನಕ್ಕಿತು. ತಪ್ಪು ಕೌಂಟರಿನದು. ಅಲ್ಲಿ ಗಿರಾಕಿ ಬಾಯಿ ತೆರೆಯುವುದರೊಳಗೆ ಚಲನ್ ಎತ್ತಿಕೊಡುವವನೇ ಜಾಣ ಗುಮಾಸ್ತ. ಇಲ್ಲಿ ಹಾಗಲ್ಲ. ಎದುರಿಗಿರುವವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿ, ಸರಿಯೇ ಎಂದು ಕೇಳಬೇಕು. ನೋಟಿನ ಕಟ್ಟನ್ನು ಗಿರಾಕಿಯ ಎದುರೇ ಇನ್ನೊಮ್ಮೆ ಎಣಿಸಿದ ಹಾಗೆ. ಆಮೇಲೆ ಸುಮ್ಮನಿರಬೇಕು. ಸುಮ್ಮನಿರುವುದು ನನಗೆ ಸ್ಟ್ಯಾಟಿಸ್ಟಿಕ್ಸಿಗಿಂತ ಕಷ್ಟವಾಯಿತು. ಅಂದ ಹಾಗೆ ಸ್ಟ್ಯಾಟಿಸ್ಟಿಕ್ಸಿನಲ್ಲಿ ಬಿ.ಕಾಂ. ಕೈ ಹಿಡಿಯಿತು. ಹುಡುಗರೆಲ್ಲ ಬಂದು ನನ್ನ ಹತ್ತಿರವೇ ಹೇಳಿಸಿಕೊಳ್ಳುತ್ತಿದ್ದರು.

ಅದೇ ತರಗತಿಯಲ್ಲಿ ಒಂದು ದಿನ, ಇದನ್ನು ಮನೆಯಲ್ಲಿ ಮೊಮ್ಮಗನ ಮೇಲೆ ಪ್ರಯೋಗಿಸಬಹುದೇ ಎಂದು ಕೇಳಿದೆ. ಮೇಷ್ಟ್ರು ಕೂಡದು ಎಂದರು. ಸ್ವಂತ ಮನೆಯವರಿಗೆ, ಆಪ್ತ ಸ್ನೇಹಿತರಿಗೆ ಸಮಾಲೋಚಕರಾಗಬಾರದು. ಅವನು ಪಾಸಾಗಬೇಕು, ಮಗಳು ನೆಮ್ಮದಿಯಾಗಿರಬೇಕು, ಹೀಗೆ ನಿಮಗೇ ನೂರು ಆಸೆಗಳಿರುತ್ತವೆ. ಅವನು ನಿಮ್ಮ ಮುಖ ನೋಡಿ ಮಾತಾಡುತ್ತಾನೆ, ನೀವು ನಿಮ್ಮ ಭಯದಿಂದ ಕೇಳುತ್ತೀರಿ ಎಂದರು. ಯಾರಿಗಾಗಿ ಈ ಓದಿಗೆ ಸೇರಿದ್ದೆನೋ ಅವನಿಗೇ ಇದು ಉಪಯೋಗವಿಲ್ಲ! ಬಸ್ಸಿನಲ್ಲಿ ಬರುವಾಗ ಬಿಟ್ಟುಬಿಡೋಣ ಎನ್ನಿಸಿತು. ಬಿಡಲಿಲ್ಲ. ಫೀಸು ಕಟ್ಟಿಯಾಗಿತ್ತು. ಇದು ಗುಮಾಸ್ತನ ಕಾರಣ, ಆದರೆ ನಿಜವಾದ ಕಾರಣ.

ಮೊದಲ ವರ್ಷದ ಪ್ರಾಯೋಗಿಕಕ್ಕಾಗಿ ನೆನಪಿನ ಬಗ್ಗೆ ಓದುತ್ತಿದ್ದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬುವರು ಅರ್ಥವಿಲ್ಲದ ಪದಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಮಕ್ಕಳೇ, ನೀವೂ ಮಾಡಿ ನೋಡಬಹುದು. ಝುಪ, ಟೀಮೊ, ಗೇಬು, ಲೈಖ, ಢಿನೊ ಇಂಥ ಹತ್ತು ಪದ ಬರೆದು ಉರು ಹಾಕಿ. ಒಂದು ಗಂಟೆ ಬಿಟ್ಟು, ನಾಳೆ, ಮುಂದಿನ ವಾರ ಎಷ್ಟು ಉಳಿದಿದೆ ಎಂದು ಬರೆದಿಡಿ. ಹೊತ್ತು ಬಿಟ್ಟು ಬಿಟ್ಟು ಓದಿದ್ದು ಹೆಚ್ಚು ಉಳಿಯುತ್ತದೆ ಎಂಬುದು ಪರೀಕ್ಷೆಗೂ ಉಪಯೋಗ.

ಆ ಹೊತ್ತಿಗೆ ಪುಟ್ಟ ಶಾಲೆಗೆ ಹೋಗತೊಡಗಿದ್ದ, ಎಸ್ಸೆಸ್ಸೆಲ್ಸಿಯಲ್ಲಿದ್ದ. ಆದರೂ ಮಾತು ಕಡಿಮೆ. ನನ್ನ ಪದಗಳ ಪಟ್ಟಿ ನೋಡಿ, "ತಾತ, ಇದೇನು, ಮಾಟದ ಮಂತ್ರಾನಾ?" ಎಂದು ಪಕ್ಕದಲ್ಲಿ ಕೂತ. ಇಬ್ಬರಿಗೂ ಪಂದ್ಯವಾಯಿತು. ಅವನಿಗೆ ಎಂಟು, ನನಗೆ ಮೂರು. ಅವರೆಕಾಯಿ ಕಾಲ. ನನ್ನಾಕೆ ಹಿತಕಲು ನೆನೆಸಿದ ಕಾಳಿನ ಪಾತ್ರೆ ತಂದು ನಡುವೆ ಇಟ್ಟು ಹೋದಳು. ಅವರೆಕಾಳು ಹಿತಕುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪುಟ್ಟ ಪಾತ್ರೆಯನ್ನೇ ನೋಡುತ್ತ ಹೇಳಿದ. ಎಂಟನೆಯ ತರಗತಿಯ ಆನ್‌ಲೈನ್ ಪಾಠದಲ್ಲಿ ಅವನು ಪದ್ಯ ಓದುವಾಗ ಗಂಟಲು ಒಡೆದು ಧ್ವನಿ ಕೀರಲಾಯಿತಂತೆ. ಯಾರೋ ಅದನ್ನು ರೆಕಾರ್ಡ್ ಮಾಡಿ, ಹಾಡಿಗೆ ಜೋಡಿಸಿ, ತರಗತಿಯ ಹುಡುಗರ ಗುಂಪಿನಲ್ಲೆಲ್ಲ ಹಂಚಿದ್ದರಂತೆ. ಶಾಲೆ ತೆರೆದಾಗ ಇವನು ಕಾರಿಡಾರಿನಲ್ಲಿ ಕಾಲಿಟ್ಟರೆ ಒಂದಿಬ್ಬರು ಆ ಧ್ವನಿ ಮಾಡುತ್ತಿದ್ದರಂತೆ.

ನನ್ನ ಬಾಯಿಗೆ ಎಷ್ಟು ಮಾತು ಬಂತೋ! ಆ ಹುಡುಗರು ಯಾರು, ನಾಳೆಯೇ ಹೆಡ್‌ಮಾಸ್ಟರನ್ನು ಕಾಣುತ್ತೇನೆ, ಇಷ್ಟಕ್ಕೆಲ್ಲ ಹೆದರುತ್ತಾರೇನೋ... ಒಂದೊಂದನ್ನೂ ನುಂಗಿದೆ. ನಾಲ್ಕು ಕಾಳು ಹಿತಕಿ, "ಪ್ರತಿ ದಿನ ಆ ಕಾರಿಡಾರು ದಾಟಬೇಕಾಗಿತ್ತಲ್ಲ" ಎಂದೆ. "ಹೂಂ" ಎಂದ. ಆಮೇಲೆ ಅರ್ಧ ಗಂಟೆ ಮಾತಾಡಿದ. ಅದರಲ್ಲಿ ಎರಡು ವಾಕ್ಯಗಳೇ ಅವನು ಇಲ್ಲಿಂದ ತೆಗೆಸಿದವು. ಜೀವಕ್ಕೆ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿತ್ತಾ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂದು ನಾವು ಹೆದರುತ್ತೇವೆ. ಹುಟ್ಟುವುದಿಲ್ಲ, ಕೇಳಲೇಬೇಕು ಎಂದು ಓದಿದ್ದೆ. ಇಲ್ಲ ಎಂದ. "ಮೇಡಂಗೆ ಎಲ್ಲಾ ಹೇಳಿದ್ದೀನಿ ತಾತ. ಅಮ್ಮಂಗೆ ಹೇಳ್ಬೇಡ. ಅವಳು ಸ್ಕೂಲಿಗೆ ಹೋಗಿ ಗಲಾಟೆ ಮಾಡ್ತಾಳೆ."

ಹೇಳಲಿಲ್ಲ. ಪ್ರಾಣಕ್ಕೆ ಅಪಾಯವಿದ್ದರೆ ಗುಟ್ಟು ಗುಟ್ಟಲ್ಲ, ತಕ್ಷಣ ಹೇಳಲೇಬೇಕು. ಇಲ್ಲಿ ಅದು ಇರಲಿಲ್ಲ, ಬಲ್ಲವರೊಬ್ಬರಿಗೆ ವಿಷಯವೂ ಗೊತ್ತಿತ್ತು. ಆದರೆ ನಾನು ಅವನ ಸಮಾಲೋಚಕನಲ್ಲ, ತಾತ. ತಾತನಿಗೆ ಯಾವ ನಿಯಮ? ಇದಕ್ಕೆ ನನ್ನ ಯಾವ ಪುಸ್ತಕದಲ್ಲೂ ಪುಟವಿರಲಿಲ್ಲ.

2023ರ ಮೊದಲಿಗೆ ನನ್ನ ಫಲಿತಾಂಶ ಬಂತು. ಒಂದು ಪೇಪರಿನಲ್ಲಿ ಫೇಲು. ಕೈ ನಿಧಾನ, ಎರಡು ಪ್ರಶ್ನೆ ಬಿಟ್ಟಿದ್ದೆ. ಫಲಿತಾಂಶವನ್ನು ಮೊಬೈಲಿನಲ್ಲಿ ತೆಗೆದುಕೊಟ್ಟವನೇ ಪುಟ್ಟ. ಅವನಿಗೇ ಇನ್ನೊಂದು ತಿಂಗಳಲ್ಲಿ ಪಬ್ಲಿಕ್ ಪರೀಕ್ಷೆ. ಅವನು ಮತ್ತೆ ಬರೆಯಿರಿ ಎನ್ನಲಿಲ್ಲ, ಈ ವಯಸ್ಸಿನಲ್ಲಿ ಇಷ್ಟಾದರೂ ಬರೆದಿರಲ್ಲ ಎನ್ನಲಿಲ್ಲ. ನನ್ನ ಪಕ್ಕದಲ್ಲಿ ಸುಮ್ಮನೆ ಕೂತ. ಹತ್ತು ನಿಮಿಷದ ಮೇಲೆ ನಾನೇ, "ಬೇಜಾರಾಯ್ತು ಕಣೋ" ಎಂದೆ. ಎರಡು ವರ್ಷದ ಹಿಂದೆ ಅವನ ಹೊಟ್ಟೆನೋವಿಗೆ ನಾನು ನಾಲ್ಕು ಮೈಲಿಯ ಕಥೆ ಹೇಳಿದ್ದೆ.

ಆ ಪೇಪರನ್ನು ಮತ್ತೆ ಬರೆದು, ಎರಡನೆಯ ವರ್ಷದ ಇಂಟರ್ನ್‌ಶಿಪ್ಪು, ಪ್ರಾಜೆಕ್ಟು ಮುಗಿಸುವಾಗ 2024 ಅರ್ಧ ಕಳೆದಿತ್ತು. ಇಂಟರ್ನ್‌ಶಿಪ್ಪಿನಲ್ಲಿ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ವೃದ್ಧಾಶ್ರಮಕ್ಕೆ ಹೋಗುತ್ತಿದ್ದೆ. ಅಲ್ಲಿ ಕೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಎರಿಕ್ಸನ್ ಎಂಬ ವಿದ್ವಾಂಸರು ಮನುಷ್ಯನ ಬದುಕನ್ನು ಎಂಟು ಹಂತ ಮಾಡಿದ್ದಾರೆ. ಪುಟ್ಟನದು ಐದನೆಯದು, ನಾನು ಯಾರು ಎಂದು ಹುಡುಕುವ ಕಾಲ. ನನ್ನದು ಎಂಟನೆಯದು, ಬದುಕಿದ್ದು ಸರಿಯಾಯಿತೇ ಎಂದು ಲೆಕ್ಕ ನೋಡುವ ಕಾಲ. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಜೋನ್, ತಾವೇ ತೊಂಬತ್ತು ದಾಟಿದ್ದವರು, ಒಂಬತ್ತನೆಯ ಹಂತವೊಂದನ್ನು ಸೇರಿಸಿದರು. ಎಂಬತ್ತು ದಾಟಿದವರಿಗೆ ಎಂಟು ಸಾಲದು ಎಂದು ಅವರಿಗೆ ಅನುಭವದಿಂದಲೇ ಗೊತ್ತಾಗಿತ್ತು.

ಎಂ.ಎ. ಆದ ಮೇಲೆ ಬೋರ್ಡ್ ಹಾಕಿದಿರಾ ಎಂದು ಪಾರ್ಕಿನ ಗೆಳೆಯರು ಕೇಳುತ್ತಾರೆ. ಇಲ್ಲ. ಔಷಧ ಬರೆಯುವವರು ಮನೋವೈದ್ಯರು, ಅವರು ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಓದಿದವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಎಂ.ಎ.ಯ ಮೇಲೆ ಬೇರೆ ತರಬೇತಿ, ನೋಂದಣಿ ಬೇಕು. ನನ್ನ ಪದವಿ ಅವೆರಡೂ ಅಲ್ಲ. ಇನ್ನು ನನ್ನ ದಾರಿಯಲ್ಲಿ ಬರಲು ಹೊರಟವರಿಗೆ ಒಂದು ಮಾತು: 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸುವುದನ್ನು ಯುಜಿಸಿ ನಿಲ್ಲಿಸಿದೆ. ಕಾಲೇಜಿಗೇ ಹೋಗಿ ಕಲಿಯಬೇಕು. ನನ್ನಂಥವರಿಗೆ ನಷ್ಟವಾದರೂ, ಎದುರುಬದುರು ಕೂತು ಕಲಿಯಬೇಕಾದ ವಿದ್ಯೆಗೆ ಇದು ಸರಿಯೆಂದೇ ನನ್ನ ಎಣಿಕೆ. ಯಾರಿಗಾದರೂ ಈಗಲೇ ಮಾತಾಡಬೇಕಿದ್ದರೆ, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳು ಕಷ್ಟದಲ್ಲಿದ್ದರೆ 1098.

ಪುಟ್ಟ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ತಾನೇ ತಾಯಿಗೆ ಎಲ್ಲವನ್ನೂ ಹೇಳಿದ. ಮಗಳು ಅಂದು ಸಂಜೆ ಕೆಳಗೆ ಬಂದಳು. "ಅಪ್ಪ, ನಿಮಗೆ ಡಿಸೆಂಬರಿನಿಂದ ಗೊತ್ತಿತ್ತಂತೆ. ನಾನು ಅವನ ತಾಯಿ ಅಲ್ವಾ?" ಎಂದಳು. ಪಿರಿಯಾಪಟ್ಟಣದ ಆ ಹಿರಿಯರ ದನಿಯೇ. ಕೌಂಟರಿನ ಈಚೆಗಿದ್ದಾಗ ನಿಯಮ ಹೇಳಿ ಕಳಿಸಿದ್ದೆ. ಈಗ ಹೇಳಲು ನಿಯಮವಿರಲಿಲ್ಲ. "ಅವನು ಬೇಡ ಅಂದಿದ್ದ" ಎಂದಷ್ಟೇ ಹೇಳಿದೆ. ಎರಡು ವಾರ ಅವಳು ಸರಿಯಾಗಿ ಮಾತಾಡಲಿಲ್ಲ. ಅವಳ ಕೋಪ ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಈಗ ಮಾತಾಡುತ್ತಾಳೆ. ಆದರೆ ಮನೆಗೆ ನೆಂಟರು ಬಂದು ನನ್ನ ಎಂ.ಎ.ಯ ಸುದ್ದಿ ತೆಗೆದಾಗಲೆಲ್ಲ ಕಾಫಿ ಲೋಟ ಮುಂದಿಡುತ್ತ ಹೇಳುತ್ತಾಳೆ: "ಅಪ್ಪನ ಹತ್ರ ಏನಾದ್ರೂ ಹೇಳಿದ್ರೆ ಬ್ಯಾಂಕ್ ಲಾಕರಿನಲ್ಲಿ ಇಟ್ಟ ಹಾಗೆ. ನಾಮಿನಿಗೂ ಸಿಗಲ್ಲ."